ಮಾತು ಬಾರದವರ ನೋವು: ಸೆಲೆಸ್ಟ್ ಜಾನ್‌ಸ್ಟನ್ ಅವರ ಸಂಶೋಧನೆ

ಕೆನಡಾದ ಮಾಂಟ್ರಿಯಲ್ ನಗರದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಶುಶ್ರೂಷಾ ಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಸೆಲೆಸ್ಟ್ ಜಾನ್‌ಸ್ಟನ್ ತಮ್ಮ ಸಂಶೋಧನೆಯ ಬಹುಭಾಗವನ್ನು ಎಳೆಗೂಸುಗಳ ನೋವಿಗೆ ಮೀಸಲಿಟ್ಟವರು. ಅವರ ಕೆಲಸವನ್ನು ಮೂರು ಪ್ರಶ್ನೆಗಳಲ್ಲಿ ಹೇಳಬಹುದು. ಮಾತು ಬಾರದ ಮಗುವಿಗೆ ಎಷ್ಟು ನೋವಾಗುತ್ತಿದೆ ಎಂದು ತಿಳಿಯುವುದು ಹೇಗೆ? ಆ ನೋವನ್ನು ಅಪಾಯವಿಲ್ಲದೆ ಕಡಿಮೆ ಮಾಡುವುದು ಹೇಗೆ? ಕಡಿಮೆ ಮಾಡುವ ದಾರಿ ಗೊತ್ತಾದ ಮೇಲೂ ವಾರ್ಡಿನಲ್ಲಿ ಅದು ಬಳಕೆಗೆ ಬಾರದಿದ್ದರೆ ಏನು ಮಾಡಬೇಕು? 1980ರ ದಶಕದಲ್ಲಿ ಮೊದಲನೆಯ ಪ್ರಶ್ನೆಯಿಂದ ಹೊರಟ ಈ ಕೆಲಸ ಮುಂದಿನ ದಶಕಗಳಲ್ಲಿ ಉಳಿದೆರಡನ್ನೂ ಒಳಗೊಂಡಿತು.

ಈ ಪ್ರಶ್ನೆಗಳ ತೂಕ ತಿಳಿಯಬೇಕಾದರೆ ಆ ಕಾಲದ ವೈದ್ಯಲೋಕದ ನಂಬಿಕೆಯನ್ನು ನೋಡಬೇಕು. ಹಸುಗೂಸಿನ ನರಮಂಡಲ ಇನ್ನೂ ಬಲಿತಿರುವುದಿಲ್ಲ, ಹಾಗಾಗಿ ಅದಕ್ಕೆ ನೋವು ಅಷ್ಟಾಗಿ ತಿಳಿಯುವುದಿಲ್ಲ ಎಂಬುದು ಬಹುಕಾಲ ಪಾಠ ಹೇಳಿಕೊಟ್ಟ ಮಾತಾಗಿತ್ತು. ಅಮೆರಿಕದ ಮನೋವಿಜ್ಞಾನಿ ಮರ್ಟಲ್ ಮೆಗ್ರಾ 1941ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಗೆ ಬಲ ಕೊಟ್ಟಿತು. ಶಿಶುಗಳಿಗೆ ಪಿನ್ನಿನಿಂದ ಚುಚ್ಚಿ ನೋಡಿದ ಅವರು, ಹುಟ್ಟಿದ ಮೊದಮೊದಲ ಹೊತ್ತಿನಲ್ಲಿ ಪ್ರತಿಕ್ರಿಯೆ ಮಂದವಾಗಿರುವುದನ್ನು ಕಂಡು, ಮಿದುಳಿನ ಹೊರಪದರ ಇನ್ನೂ ಕೆಲಸ ಆರಂಭಿಸಿಲ್ಲ ಎಂದು ಅರ್ಥೈಸಿದರು. ಇದರ ಜೊತೆಗೆ ಅರಿವಳಿಕೆಯ ಭಯವೂ ಇತ್ತು. ಒಂದು ಕಿಲೋ ತೂಗುವ ಮಗುವಿಗೆ ಅರಿವಳಿಕೆ ಕೊಟ್ಟರೆ ಉಸಿರು, ರಕ್ತದೊತ್ತಡ ಕುಸಿಯಬಹುದೆಂಬ ಅಂಜಿಕೆ ಸುಳ್ಳೇನೂ ಆಗಿರಲಿಲ್ಲ. ಪರಿಣಾಮವಾಗಿ, ಅವಧಿಗೆ ಮುನ್ನ ಹುಟ್ಟಿದ ಎಷ್ಟೋ ಮಕ್ಕಳಿಗೆ ಸ್ನಾಯುಗಳನ್ನು ಸಡಿಲಿಸುವ ಮದ್ದನ್ನಷ್ಟೇ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಲಾಗುತ್ತಿತ್ತು. ಆ ಮದ್ದು ಕೈಕಾಲು ಆಡದಂತೆ ಮಾಡುತ್ತದೆ, ನೋವನ್ನು ತಡೆಯುವುದಿಲ್ಲ.

1985ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಹೀಗೆ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ ಮಗುವೊಂದು ಕೆಲವು ವಾರಗಳ ನಂತರ ತೀರಿಕೊಂಡಿತು. ಮಗುವಿಗೆ ಅರಿವಳಿಕೆ ಕೊಟ್ಟಿರಲೇ ಇಲ್ಲವೆಂದು ಆಮೇಲೆ ತಿಳಿದ ತಾಯಿ ಜಿಲ್ ಲಾಸನ್ 1986ರಲ್ಲಿ ಅದನ್ನು ಬಹಿರಂಗವಾಗಿ ಬರೆದರು. ಸಾರ್ವಜನಿಕರಲ್ಲಿ ಆಕ್ರೋಶ ಎದ್ದಿತು. ಅದೇ ಹೊತ್ತಿಗೆ ಇಂದೋರಿನಲ್ಲಿ ವೈದ್ಯಶಿಕ್ಷಣ ಮುಗಿಸಿ ಆಕ್ಸ್‌ಫರ್ಡ್‌ಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 1987ರ ಜನವರಿಯಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಶಸ್ತ್ರಚಿಕಿತ್ಸೆಯ ವೇಳೆ ಫೆಂಟನಿಲ್ ಎಂಬ ಪ್ರಬಲ ನೋವು ನಿವಾರಕ ಪಡೆದ ಅಕಾಲಿಕ ಶಿಶುಗಳಲ್ಲಿ ಒತ್ತಡದ ಹಾರ್ಮೋನುಗಳ ಏರಿಕೆ ಕಡಿಮೆ, ನಂತರದ ತೊಡಕುಗಳೂ ಕಡಿಮೆ ಎಂದು ಅದು ತೋರಿಸಿತು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ನವಜಾತ ಶಿಶುಗಳಿಗೂ ಅರಿವಳಿಕೆ ಕೊಡಬೇಕೆಂಬ ಹೇಳಿಕೆ ಹೊರಡಿಸಿತು. ಶಸ್ತ್ರಚಿಕಿತ್ಸೆಯ ಕೋಣೆಯ ಮಟ್ಟಿಗೆ ವಾದ ಬಹುಪಾಲು ಮುಗಿಯಿತು.

ವಾರ್ಡಿನ ಸಂಗತಿ ಬೇರೆ. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿರುವ ಮಗುವಿಗೆ ದೊಡ್ಡ ಶಸ್ತ್ರಚಿಕಿತ್ಸೆ ಒಮ್ಮೆ ಆದರೆ ಆದೀತು, ಇಲ್ಲದಿದ್ದರೆ ಇಲ್ಲ. ಚಿಕ್ಕಪುಟ್ಟ ಚುಚ್ಚುಗಳು ಮಾತ್ರ ದಿನವೂ ತಪ್ಪುವುದಿಲ್ಲ. ರಕ್ತದ ಸಕ್ಕರೆ ನೋಡಲು, ಕಾಮಾಲೆಯ ಮಟ್ಟ ನೋಡಲು ಹಿಮ್ಮಡಿಗೆ ಲ್ಯಾನ್ಸೆಟ್ ಎಂಬ ಚೂಪಾದ ಸಾಧನ ಚುಚ್ಚಿ, ಪಾದವನ್ನು ಹಿಂಡಿ ಹನಿ ಹನಿ ರಕ್ತ ತೆಗೆಯುತ್ತಾರೆ. ಡ್ರಿಪ್ ಸೂಜಿ ಹಾಕುವುದು, ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸುವುದು, ಗಂಟಲಿನ ಕಫ ಹೀರಿ ತೆಗೆಯುವುದು, ಚರ್ಮಕ್ಕೆ ಅಂಟಿಸಿದ ಪಟ್ಟಿ ಕೀಳುವುದು ಎಲ್ಲವೂ ಇದೇ ಸಾಲಿನವು. ಪ್ಯಾರಿಸ್ ಪ್ರದೇಶದ ಘಟಕಗಳಲ್ಲಿ 430 ಶಿಶುಗಳನ್ನು ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಗುವೊಂದಕ್ಕೆ ದಿನಕ್ಕೆ ಸುಮಾರು 10 ನೋವಿನ ಕ್ರಿಯೆಗಳು ನಡೆದದ್ದು ಕಂಡುಬಂತು. ಅವುಗಳಲ್ಲಿ ಶೇಕಡ 79ರಷ್ಟಕ್ಕೆ ನಿರ್ದಿಷ್ಟವಾದ ನೋವು ನಿವಾರಣೆ ಇರಲಿಲ್ಲ. ರಕ್ತಪರೀಕ್ಷೆಗೆ ಬರೆದುಕೊಡುವವರು ವೈದ್ಯರು, ಚುಚ್ಚುವವರು ಹೆಚ್ಚಾಗಿ ನರ್ಸ್‌ಗಳು. ಮಗುವಿನ ಮುಖವನ್ನು ಹತ್ತಿರದಿಂದ ನೋಡುವವರೂ ಅವರೇ. ಈ ನೋವಿನ ಅಧ್ಯಯನಕ್ಕೆ ಶುಶ್ರೂಷಾ ಶಾಸ್ತ್ರ ಮುಂದಾದದ್ದಕ್ಕೆ ಕಾರಣ ಇಲ್ಲೇ ಇದೆ.

ಜಾನ್‌ಸ್ಟನ್ ಕೆಲಸ ಮಾಡಿದ ಮ್ಯಾಕ್‌ಗಿಲ್ ನೋವಿನ ವಿಜ್ಞಾನಕ್ಕೆ ಹೆಸರಾದ ಜಾಗ. ನೋವಿನ ಸಂಕೇತ ಬೆನ್ನುಹುರಿಯಲ್ಲೇ ಹೆಚ್ಚು ಕಡಿಮೆ ಆಗುತ್ತದೆಂಬ 'ಗೇಟ್ ಕಂಟ್ರೋಲ್' ಸಿದ್ಧಾಂತವನ್ನು ಪ್ಯಾಟ್ರಿಕ್ ವಾಲ್ ಅವರೊಡನೆ 1965ರಲ್ಲಿ ಮಂಡಿಸಿದ ರೊನಾಲ್ಡ್ ಮೆಲ್ಝಾಕ್ ಅಲ್ಲಿನ ಪ್ರಾಧ್ಯಾಪಕರಾಗಿದ್ದರು. ನೋವನ್ನು ರೋಗಿಯ ಮಾತುಗಳಿಂದಲೇ ಅಳೆಯುವ ಮ್ಯಾಕ್‌ಗಿಲ್ ಪ್ರಶ್ನಾವಳಿಯನ್ನು 1975ರಲ್ಲಿ ಹೊರತಂದವರೂ ಅವರೇ. ಕುಟುಕುವ ನೋವೇ, ಸುಡುವ ನೋವೇ, ಹಿಂಡುವ ನೋವೇ ಎಂದು ರೋಗಿ ಆರಿಸಿ ಹೇಳಬೇಕು. ಹೇಳಲಾರದ ರೋಗಿಗೆ ಈ ಪ್ರಶ್ನಾವಳಿಯಿಂದ ಪ್ರಯೋಜನವಿಲ್ಲ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 1979ರಲ್ಲಿ ಕೊಟ್ಟ ವ್ಯಾಖ್ಯಾನವೂ ರೋಗಿಯ ಬಣ್ಣನೆಯನ್ನು ನೆಚ್ಚಿಕೊಂಡಿತ್ತು. ಶಿಶುಗಳ ನೋವಿಗೆ ಬೇರೆ ಬಗೆಯ ಅಳತೆಗೋಲು ಬೇಕಾಗಿತ್ತು.

ಆ ದಿಕ್ಕಿನ ಮೊದಲ ಹೆಜ್ಜೆಗಳಲ್ಲೊಂದು 1986ರಲ್ಲಿ 'ಪೇನ್' ಪತ್ರಿಕೆಯಲ್ಲಿ ಜಾನ್‌ಸ್ಟನ್ ಮತ್ತು ಸಹಲೇಖಕಿ ಪ್ರಕಟಿಸಿದ ಅಧ್ಯಯನ. ಎರಡರಿಂದ ನಾಲ್ಕು ತಿಂಗಳ 14 ಶಿಶುಗಳಿಗೆ ಮಾಮೂಲಿ ಲಸಿಕೆ ಚುಚ್ಚುವಾಗ ಹೃದಯ ಬಡಿತ, ಅಳು, ಮುಖಭಾವ, ಮೈಯ ಚಲನೆ ಈ ನಾಲ್ಕನ್ನೂ ಒಟ್ಟಿಗೆ ದಾಖಲಿಸಲಾಯಿತು. ಸೂಜಿ ಚುಚ್ಚಿದ ಕೂಡಲೇ ಹೃದಯ ಬಡಿತ ಒಮ್ಮೆ ಇಳಿಯುತ್ತದೆ. ಒಂದು ದೀರ್ಘವಾದ, ಏರುದನಿಯ ಅಳು ಹೊರಡುತ್ತದೆ, ಅದರ ಬೆನ್ನಿಗೇ ಉಸಿರು ಒಂದು ಕ್ಷಣ ನಿಲ್ಲುತ್ತದೆ. ಮೈ, ಕೈಕಾಲು ಸೆಟೆದುಕೊಳ್ಳುತ್ತವೆ. ಆಮೇಲೆ ಬಡಿತ ಸರ್ರನೆ ಏರುತ್ತದೆ, ಅಳುವಿನ ದನಿ ತಗ್ಗಿ ಒಡಕಾಗುತ್ತದೆ. ನಿಮಿಷದ ಉತ್ತರಾರ್ಧದಲ್ಲಿ ಅಳು ಲಯಕ್ಕೆ ಬಂದು, ಮೈ ಸಡಿಲಗೊಳ್ಳುತ್ತದೆ. ಮಗುವಿನಿಂದ ಮಗುವಿಗೆ ಅಳು, ಚಲನೆಗಳಲ್ಲಿ ವ್ಯತ್ಯಾಸ ಇತ್ತು. ಎಲ್ಲರಲ್ಲೂ ಹೆಚ್ಚು ಸಮಾನವಾಗಿ ಕಂಡದ್ದು ಮುಖಭಾವ.

ವ್ಯಾಂಕೂವರ್ ನಗರದಲ್ಲಿ ರೂತ್ ಗ್ರುನೌ ಮತ್ತು ಕೆನೆತ್ ಕ್ರೇಗ್ 1987ರಲ್ಲಿ ನವಜಾತ ಶಿಶುಗಳ ಮುಖದ ಸ್ನಾಯುಗಳ ಚಲನೆಯನ್ನು ಬಿಡಿಬಿಡಿಯಾಗಿ ಗುರುತಿಸುವ ಪದ್ಧತಿ ರೂಪಿಸಿದರು. ಹುಬ್ಬು ಉಬ್ಬಿ ನಡುವೆ ಗಂಟು ಬೀಳುವುದು, ಕಣ್ಣು ಬಿಗಿಯಾಗಿ ಮುಚ್ಚುವುದು, ಮೂಗಿನ ಪಕ್ಕದಿಂದ ತುಟಿಯ ಮೂಲೆಗೆ ಇಳಿಯುವ ಗೆರೆ ಆಳವಾಗುವುದು ಇವು ಮುಖ್ಯ ಗುರುತುಗಳು. ಮಾಂಟ್ರಿಯಲ್ ಮತ್ತು ವ್ಯಾಂಕೂವರ್ ತಂಡಗಳು ಒಟ್ಟುಗೂಡಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಅಕಾಲಿಕ ಶಿಶು, ತುಂಬು ದಿನದ ಶಿಶು, ಎರಡು ಮತ್ತು ನಾಲ್ಕು ತಿಂಗಳ ಶಿಶುಗಳನ್ನು ಹೋಲಿಸಿ ನೋಡಿತು. ನೋವಿನ ಮುಖ ಎಲ್ಲ ವಯಸ್ಸಿನಲ್ಲೂ ಗುರುತು ಸಿಗುವಂತಿದ್ದರೂ, ಅದರ ತೀವ್ರತೆ ವಯಸ್ಸಿನೊಂದಿಗೆ ಬದಲಾಗುತ್ತದೆ. ತೀರ ಬೇಗ ಹುಟ್ಟಿದ ಮಗುವಿಗೆ ಮುಖದಲ್ಲಿ ನೋವನ್ನು ತೋರಿಸುವ ಶಕ್ತಿಯೇ ಕಡಿಮೆ.

ಈ ತೊಡಕನ್ನು ಲೆಕ್ಕಕ್ಕೆ ತೆಗೆದುಕೊಂಡ ಅಳತೆಗೋಲು 1996ರಲ್ಲಿ ಬಂತು. ಟೊರಾಂಟೊದ ನರ್ಸಿಂಗ್ ಸಂಶೋಧಕಿ ಬಾನಿ ಸ್ಟೀವನ್ಸ್, ಜಾನ್‌ಸ್ಟನ್, ಪೆಟ್ರಿಶೆನ್ ಮತ್ತು ಔಷಧಶಾಸ್ತ್ರಜ್ಞೆ ಆ್ಯನಾ ಟ್ಯಾಡಿಯೊ ಸೇರಿ ರೂಪಿಸಿದ ಅದರ ಹೆಸರು 'ಪ್ರಿಮೆಚ್ಯೂರ್ ಇನ್‌ಫೆಂಟ್ ಪೇನ್ ಪ್ರೊಫೈಲ್', ಬಳಕೆಯಲ್ಲಿ 'ಪಿಪ್'. ಅದರಲ್ಲಿ ಏಳು ಅಂಶಗಳಿವೆ. ಹೃದಯ ಬಡಿತದ ಏರಿಕೆ ಮತ್ತು ರಕ್ತದಲ್ಲಿನ ಆಮ್ಲಜನಕದ ಇಳಿಕೆ ಮಾನಿಟರಿನಿಂದ ಸಿಗುತ್ತವೆ. ಹುಬ್ಬು, ಕಣ್ಣು, ಮೂಗಿನ ಪಕ್ಕದ ಗೆರೆ ಮುಖದಿಂದ ಸಿಗುತ್ತವೆ. ಉಳಿದೆರಡು ಅಂಶಗಳು, ಮಗು ಎಷ್ಟು ವಾರಕ್ಕೆ ಹುಟ್ಟಿದೆ ಮತ್ತು ಚುಚ್ಚುವ ಮೊದಲು ನಿದ್ದೆಯಲ್ಲಿತ್ತೇ ಎಚ್ಚರವಿತ್ತೇ ಎಂಬುದು. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು ಗರಿಷ್ಠ 21. ಮೊತ್ತ 6 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ನೋವು ಅತ್ಯಲ್ಪ, 12 ಮೀರಿದರೆ ಮಧ್ಯಮದಿಂದ ತೀವ್ರ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ.

ಲೆಕ್ಕ ಹಾಕುವ ಬಗೆಯನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. 27 ವಾರಕ್ಕೆ ಹುಟ್ಟಿದ ಮಗುವೊಂದು ಇನ್‌ಕ್ಯುಬೇಟರಿನಲ್ಲಿ ಅಲುಗಾಡದೆ ಮಲಗಿದೆ ಎಂದುಕೊಳ್ಳೋಣ. ನರ್ಸ್ ಮೊದಲು 15 ಸೆಕೆಂಡು ಮಗುವನ್ನು ಸುಮ್ಮನೆ ನೋಡಿ, ಬಡಿತ ಮತ್ತು ಆಮ್ಲಜನಕದ ಮಟ್ಟ ಬರೆದುಕೊಳ್ಳುತ್ತಾರೆ. ಲ್ಯಾನ್ಸೆಟ್ ಚುಚ್ಚಿದ ಮೇಲೆ 30 ಸೆಕೆಂಡು ಗಮನಿಸುತ್ತಾರೆ. ಬಡಿತ 16ರಷ್ಟು ಏರಿದರೆ 2 ಅಂಕ. ಆಮ್ಲಜನಕ ಶೇಕಡ 5 ಇಳಿದರೆ ಇನ್ನೆರಡು. ಆ 30 ಸೆಕೆಂಡಿನಲ್ಲಿ ಹುಬ್ಬಿನ ಗಂಟು 12 ಸೆಕೆಂಡು, ಕಣ್ಣಿನ ಬಿಗಿತ 15 ಸೆಕೆಂಡು ಇದ್ದರೆ ಒಂದೊಂದಕ್ಕೆ 2. ಮೂಗಿನ ಪಕ್ಕದ ಗೆರೆ 6 ಸೆಕೆಂಡು ಕಂಡರೆ 1. ಇಲ್ಲಿಗೆ 9. ಮಗು 28 ವಾರಕ್ಕೂ ಮೊದಲೇ ಹುಟ್ಟಿದ್ದರಿಂದ 3, ಗಾಢ ನಿದ್ದೆಯಲ್ಲಿದ್ದುದರಿಂದ 3 ಸೇರಿ ಮೊತ್ತ 15. ಕೊನೆಯ ಆರು ಅಂಕಗಳಲ್ಲೇ ಈ ಅಳತೆಗೋಲಿನ ವಿಶೇಷ ಇದೆ. ಎಳೆತನದಿಂದ, ನಿದ್ದೆಯಿಂದ ಮಗು ತೋರಿಸಲಾರದೆ ಹೋದ ನೋವಿಗೂ ಅದು ಪಾಲು ಕೊಡುತ್ತದೆ.

ಇದರಲ್ಲೊಂದು ಕೊರತೆಯೂ ಇತ್ತು. ನೋವೇ ಇಲ್ಲದಾಗಲೂ, ಬೇಗ ಹುಟ್ಟಿ ನಿದ್ದೆಯಲ್ಲಿರುವ ಮಗುವಿಗೆ ಆ ಆರು ಅಂಕ ಸುಮ್ಮನೆ ಬಂದುಬಿಡುತ್ತಿದ್ದವು. 2014ರಲ್ಲಿ ಸ್ಟೀವನ್ಸ್ ತಂಡ ಹೊರತಂದ ಪರಿಷ್ಕೃತ ರೂಪದಲ್ಲಿ, ಬಡಿತ, ಆಮ್ಲಜನಕ, ಮುಖ ಇವುಗಳಲ್ಲಿ ಬದಲಾವಣೆ ಕಂಡಾಗ ಮಾತ್ರ ವಾರದ ಮತ್ತು ನಿದ್ದೆಯ ಅಂಕಗಳನ್ನು ಕೂಡಿಸಬೇಕೆಂದು ತಿದ್ದಲಾಯಿತು.

ಜಾನ್‌ಸ್ಟನ್ ಮತ್ತು ಸ್ಟೀವನ್ಸ್ 1996ರಲ್ಲೇ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಅಷ್ಟೇ ಮಹತ್ವದ್ದು. ಆಗಷ್ಟೇ 32 ವಾರಕ್ಕೆ ಹುಟ್ಟಿದ ಶಿಶುಗಳನ್ನೂ, 28 ವಾರಕ್ಕೆ ಹುಟ್ಟಿ ನಾಲ್ಕು ವಾರ ತೀವ್ರ ನಿಗಾ ಘಟಕದಲ್ಲಿ ಕಳೆದ ಶಿಶುಗಳನ್ನೂ ಅವರು ಹೋಲಿಸಿದರು. ಗರ್ಭದ ಲೆಕ್ಕದಲ್ಲಿ ಎರಡೂ ಗುಂಪುಗಳಿಗೆ ಒಂದೇ ವಯಸ್ಸು. ಹಿಮ್ಮಡಿ ಚುಚ್ಚಿದಾಗ ನಾಲ್ಕು ವಾರ ಘಟಕದಲ್ಲಿದ್ದ ಮಕ್ಕಳ ಮುಖ ಕಡಿಮೆ ಪ್ರತಿಕ್ರಿಯೆ ತೋರಿಸಿತು, ಹೃದಯ ಬಡಿತ ಮಾತ್ರ ಹೆಚ್ಚು ಏರಿತು. ಹಿಂದೆ ಆದ ಚುಚ್ಚುಗಳ ಸಂಖ್ಯೆ ಹೆಚ್ಚಿದಷ್ಟೂ ಮುಖದ ಪ್ರತಿಕ್ರಿಯೆ ತಗ್ಗಿತ್ತು. 'ಪಾಪು ಒಗ್ಗಿಕೊಂಡಿದೆ, ಈಗ ಅಳುವುದಿಲ್ಲ' ಎಂದು ವಾರ್ಡಿನಲ್ಲಿ ಹೇಳುವ ಮಾತನ್ನು ಈ ಫಲಿತಾಂಶ ಪ್ರಶ್ನೆಗೆ ಒಡ್ಡಿತು. ಸುಮ್ಮನಿರುವ ಮಗು ನೋವಿಲ್ಲದ ಮಗುವೆಂದು ತೀರ್ಮಾನಿಸುವಂತಿಲ್ಲ.

ಅಳತೆಗೋಲು ಸಿಕ್ಕ ಮೇಲೆ ಪರಿಹಾರಗಳನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಔಷಧಗಳ ದಾರಿ ಇಲ್ಲಿ ಇಕ್ಕಟ್ಟಾದದ್ದು. ದಿನಕ್ಕೆ ಹತ್ತು ಬಾರಿ ಮಾರ್ಫಿನ್ ಕೊಡಲಾಗದು. ಕೊಟ್ಟರೂ ಹಿಮ್ಮಡಿ ಚುಚ್ಚಿನಂಥ ಕ್ಷಣಿಕ ನೋವಿಗೆ ಅದು ಸಾಕಾಗುವುದಿಲ್ಲ. ಚರ್ಮಕ್ಕೆ ಹಚ್ಚುವ ಮರಗಟ್ಟಿಸುವ ಮುಲಾಮು ರಕ್ತನಾಳಕ್ಕೆ ಸೂಜಿ ಹಾಕುವಾಗ ನೆರವಾದರೂ ಹಿಮ್ಮಡಿಯಲ್ಲಿ ಕೆಲಸ ಮಾಡಲಿಲ್ಲ. ಗಮನ ಸಿಹಿಯ ಕಡೆ ಹೊರಳಿತು. ಅಮೆರಿಕದ ಎಲಿಯಟ್ ಬ್ಲಾಸ್ ಮತ್ತು ಸಂಗಡಿಗರು 1991ರಲ್ಲಿ, ಸಕ್ಕರೆ ದ್ರಾವಣ ನಾಲಿಗೆಗೆ ತಾಗಿದ ಶಿಶುಗಳು ಚುಚ್ಚಿದಾಗ ಕಡಿಮೆ ಅಳುತ್ತವೆಂದು ತೋರಿಸಿದ್ದರು. ಜಾನ್‌ಸ್ಟನ್ 1997ರಲ್ಲಿ ಸಕ್ಕರೆಯನ್ನೂ, ತೊಟ್ಟಿಲು ತೂಗಿದಂಥ ಚಲನೆಯನ್ನೂ ಪಕ್ಕಪಕ್ಕದಲ್ಲಿ ಪರೀಕ್ಷಿಸಿದರು. ಮುಖದ ನೋವನ್ನು ತಗ್ಗಿಸಿದ್ದು ಸಕ್ಕರೆ. ತೂಗಾಟದಿಂದ ಮಾತ್ರ ಅಂಥ ಪರಿಣಾಮ ಕಾಣಲಿಲ್ಲ.

ಸಕ್ಕರೆಯ ಪರವಾಗಿ ಪುರಾವೆ ಬೆಳೆಯುತ್ತಲೇ ಹೋಯಿತು. ಪ್ರಕಟವಾದ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ 'ಕಾಕ್ರೇನ್' ಸಮೀಕ್ಷೆಗಳಲ್ಲಿ ಒಂದಾದ ಸ್ಟೀವನ್ಸ್ ಮತ್ತು ಸಂಗಡಿಗರ ಸಮೀಕ್ಷೆ 2016ರ ಹೊತ್ತಿಗೆ 74 ಅಧ್ಯಯನಗಳ 7049 ಶಿಶುಗಳನ್ನು ಒಳಗೊಂಡಿತ್ತು. ನಂತರದ ಒಂದು ಪ್ರಯೋಗದಲ್ಲಿ ಶೇಕಡ 24ರ ಸಕ್ಕರೆ ದ್ರಾವಣದ 0.1, 0.5 ಮತ್ತು 1 ಮಿಲಿಲೀಟರ್ ಪ್ರಮಾಣಗಳನ್ನು ಹೋಲಿಸಿದಾಗ ಅತಿ ಕಡಿಮೆಯದೇ ಸಾಕೆಂದು ಕಂಡಿತು. ಎರಡು ಹನಿಯಷ್ಟು ದ್ರಾವಣ ಅದು. ಆದರೆ ಎಚ್ಚರಿಕೆಯ ಮಾತೂ ಜಾನ್‌ಸ್ಟನ್ ಕಡೆಯಿಂದಲೇ ಬಂತು. 31 ವಾರಕ್ಕೆ ಮುನ್ನ ಹುಟ್ಟಿದ 107 ಶಿಶುಗಳ ಮೊದಲ ವಾರವನ್ನು ಅಧ್ಯಯನ ಮಾಡಿ 2002ರಲ್ಲಿ ಅವರ ತಂಡ ಪ್ರಕಟಿಸಿದ ಫಲಿತಾಂಶದಲ್ಲಿ, ಸಕ್ಕರೆ ಪಡೆದ ಗುಂಪಿನೊಳಗೆ ಹೆಚ್ಚು ಸಲ ಪಡೆದ ಮಕ್ಕಳ ಚಲನೆ, ಜಾಗರೂಕತೆಯ ಅಂಕಗಳು ಕಡಿಮೆಯಿದ್ದವು. 2010ರಲ್ಲಿ ಬ್ರಿಟನ್ನಿನ ರೆಬೆಕಾ ಸ್ಲೇಟರ್ ಮತ್ತು ಸಂಗಡಿಗರು ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ, ಸಕ್ಕರೆ ಮುಖದ ಪ್ರತಿಕ್ರಿಯೆಯನ್ನು ತಗ್ಗಿಸಿದರೂ ಮಿದುಳಿನ ಪ್ರತಿಕ್ರಿಯೆಯನ್ನು ತಗ್ಗಿಸಲಿಲ್ಲ ಎಂದರು. ಈ ಚರ್ಚೆ ಪೂರ್ತಿ ಮುಗಿದಿಲ್ಲ. ಇಲ್ಲಿ ಹೇಳುತ್ತಿರುವ ಸಕ್ಕರೆ ಆಸ್ಪತ್ರೆಯಲ್ಲಿ ಅಳತೆ ಮಾಡಿ, ಚುಚ್ಚುವ ಎರಡು ನಿಮಿಷ ಮೊದಲು, ಔಷಧದಂತೆ ದಾಖಲಿಸಿ ಕೊಡುವ ದ್ರಾವಣ. ಮನೆಯಲ್ಲಿ ಹಸುಗೂಸಿಗೆ ಸಕ್ಕರೆ ನೀರು ಕುಡಿಸುವುದಕ್ಕೂ, ಜೇನು ನೆಕ್ಕಿಸುವುದಕ್ಕೂ ಇದು ಸಮರ್ಥನೆಯಾಗುವುದಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ಅಪಾಯಕರ.

ಜಾನ್‌ಸ್ಟನ್ ಹೆಸರು ಹೆಚ್ಚಾಗಿ ಕೇಳಿಬರುವುದು ಕಾಂಗರೂ ಆರೈಕೆಯ ಸಂದರ್ಭದಲ್ಲಿ. ಡೈಪರ್ ಮಾತ್ರ ತೊಟ್ಟ ಮಗುವನ್ನು ತಾಯಿಯ ಬರಿ ಎದೆಯ ಮೇಲೆ ನೆಟ್ಟಗೆ ಕವುಚಿ ಮಲಗಿಸಿ, ಮೇಲೊಂದು ಹೊದಿಕೆ ಹೊದಿಸುವ ಪದ್ಧತಿ ಇದು. ಕೊಲಂಬಿಯಾದ ಬೊಗೋಟಾ ನಗರದಲ್ಲಿ ಇನ್‌ಕ್ಯುಬೇಟರುಗಳ ಕೊರತೆಯ ನಡುವೆ ಎಡ್ಗರ್ ರೇ ಮತ್ತು ಎಕ್ಟರ್ ಮಾರ್ಟಿನೆಜ್ ಎಂಬ ವೈದ್ಯರು 1970ರ ದಶಕದ ಕೊನೆಯಲ್ಲಿ ಇದನ್ನು ಆರಂಭಿಸಿದರು. ಮಗುವನ್ನು ಬೆಚ್ಚಗಿಟ್ಟು, ಎದೆಹಾಲು ಸಿಗುವಂತೆ ಮಾಡಿ ಬದುಕಿಸಿಕೊಳ್ಳುವುದು ಅದರ ಉದ್ದೇಶವಾಗಿತ್ತು. ಅದು ನೋವನ್ನೂ ತಗ್ಗಿಸೀತೇ ಎಂಬ ಪ್ರಶ್ನೆ ಬಂದದ್ದು ಆಮೇಲೆ. 2000ದಲ್ಲಿ ಅಮೆರಿಕದ ಲ್ಯಾರಿ ಗ್ರೇ ಮತ್ತು ಸಂಗಡಿಗರು ತುಂಬು ದಿನದ, ಆರೋಗ್ಯವಂತ ಶಿಶುಗಳಲ್ಲಿ ಹೌದೆಂದು ತೋರಿಸಿದರು. ಹೆಚ್ಚು ಚುಚ್ಚಿಸಿಕೊಳ್ಳುವ ಅಕಾಲಿಕ ಶಿಶುಗಳಲ್ಲಿ ಇದನ್ನು ಪರೀಕ್ಷಿಸುವ ಕೆಲಸವನ್ನು ಜಾನ್‌ಸ್ಟನ್ ಕೈಗೆತ್ತಿಕೊಂಡರು.

2003ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ 32ರಿಂದ 36 ವಾರಗಳ ನಡುವಿನ 74 ಶಿಶುಗಳಿದ್ದವು. ಪ್ರತಿ ಮಗುವಿಗೂ ಒಮ್ಮೆ ತಾಯಿಯ ಎದೆಯ ಮೇಲಿದ್ದಾಗ, ಒಮ್ಮೆ ಇನ್‌ಕ್ಯುಬೇಟರಿನಲ್ಲಿದ್ದಾಗ ಹಿಮ್ಮಡಿ ಚುಚ್ಚಿ ನೋಡಲಾಯಿತು. ಚುಚ್ಚಿದ್ದು ಹೇಗೂ ತೆಗೆಯಬೇಕಾಗಿದ್ದ ರಕ್ತಕ್ಕಾಗಿ. ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಹೀಗೆ ಪ್ರತಿ ಮಗುವೂ ತನಗೆ ತಾನೇ ಹೋಲಿಕೆಯಾಯಿತು. ಕ್ಯಾಮೆರಾ ಮಗುವಿನ ಮುಖವನ್ನಷ್ಟೇ ತೀರ ಹತ್ತಿರದಿಂದ ಹಿಡಿಯಿತು. ಆ ಚಿತ್ರವನ್ನು ಆಮೇಲೆ ಸೆಕೆಂಡು ಸೆಕೆಂಡಾಗಿ ನೋಡಿ ಅಂಕ ಹಾಕಲಾಯಿತು. ತಾಯಿಯ ಎದೆಯ ಮೇಲಿದ್ದಾಗ ಪಿಪ್ ಅಂಕಗಳು ಗಮನಾರ್ಹವಾಗಿ ಕಡಿಮೆಯಿದ್ದವು.

ಇನ್ನೂ ಎಳೆಯ ಶಿಶುಗಳಲ್ಲಿ, ಅಂದರೆ 28ರಿಂದ 31 ವಾರದವರಲ್ಲಿ, ಇದೇ ಪ್ರಯೋಗವನ್ನು ನಡೆಸಿ 2008ರಲ್ಲಿ ಪ್ರಕಟಿಸಿದರು. ಪರಿಣಾಮ ಇಲ್ಲಿ ತಡವಾಗಿ ಕಂಡಿತು. ಚುಚ್ಚಿದ 90 ಸೆಕೆಂಡಿನ ಹೊತ್ತಿಗೆ ಅಂಕಗಳಲ್ಲಿ ಸುಮಾರು ಎರಡರಷ್ಟು ವ್ಯತ್ಯಾಸ ಇತ್ತು. ಹೃದಯ ಬಡಿತ ಮೊದಲಿನ ಸ್ಥಿತಿಗೆ ಮರಳಲು ಇನ್‌ಕ್ಯುಬೇಟರಿನಲ್ಲಿ 193 ಸೆಕೆಂಡು ಹಿಡಿದರೆ, ತಾಯಿಯ ಎದೆಯ ಮೇಲೆ 123 ಸೆಕೆಂಡು ಸಾಕಾಯಿತು. ತೀರ ಎಳೆಯ ಮಗುವಿಗೆ ಚುಚ್ಚಿನ ಕ್ಷಣದ ನೋವು ತಪ್ಪದಿದ್ದರೂ ಚೇತರಿಕೆ ಬೇಗ ಆಗುತ್ತದೆ ಎಂಬುದು ಇದರ ತಾತ್ಪರ್ಯ. ಉಸಿರು, ಆಮ್ಲಜನಕ ಎರಡೂ ನಾಜೂಕಾಗಿರುವ ಮಗುವಿಗೆ ಆ ಒಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಕಾಂಗರೂ ಆರೈಕೆಯಲ್ಲಿ ನೋವು ತಗ್ಗಿಸುವ ಅಂಶ ಯಾವುದು ಎಂಬುದು ನಂತರದ ಪ್ರಶ್ನೆ. ತಾಯಿಯ ದನಿಯೇ? ಧ್ವನಿಮುದ್ರಿಸಿದ ತಾಯಿಯ ದನಿಯನ್ನು, ಗರ್ಭದೊಳಗೆ ಕೇಳಿಸುವಂತೆ ಸೋಸಿ, ಇನ್‌ಕ್ಯುಬೇಟರಿನಲ್ಲಿ ಕೇಳಿಸಿದ 2007ರ ಸಣ್ಣ ಅಧ್ಯಯನದಲ್ಲಿ ಪ್ರಯೋಜನ ಕಾಣಲಿಲ್ಲ. ಎದೆಯ ಮೇಲಿದ್ದಾಗ ತೂಗುವುದು, ಹಾಡುವುದು, ಚೀಪಲು ಕೊಡುವುದು ಇವನ್ನೆಲ್ಲ ಸೇರಿಸಿದರೆ ಇನ್ನೂ ಒಳ್ಳೆಯದೇ? 2009ರ ಪ್ರಯೋಗದಲ್ಲಿ ಬರಿಯ ಕಾಂಗರೂ ಆರೈಕೆಗಿಂತ ಹೆಚ್ಚೇನೂ ದೊರೆಯಲಿಲ್ಲ. ತಂದೆಯ ಎದೆಯಾದರೆ? 2011ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ತಾಯಂದಿರ ಪರಿಣಾಮ ಪಿಪ್ ಲೆಕ್ಕದಲ್ಲಿ ಒಂದೂವರೆ ಅಂಕದಷ್ಟು ಮಾತ್ರ ಮೇಲಿತ್ತು. ತಾಯಿ ಸಿಗದಾಗ ತಂದೆಯನ್ನು ಕೂರಿಸಬಹುದೆಂದು ಇದರಿಂದ ತಿಳಿಯಿತು. ಸಂಬಂಧವಿಲ್ಲದ ಇನ್ನೊಬ್ಬ ಹೆಂಗಸು ಎದೆಗೊರಗಿಸಿಕೊಂಡರೆ ಹೇಗೆ ಎಂಬುದನ್ನೂ 2012ರಲ್ಲಿ ಪ್ರಕಟವಾದ ಪೂರ್ವಭಾವಿ ಅಧ್ಯಯನ ಪರೀಕ್ಷಿಸಿತು. ಫಲ ಬಂದದ್ದನ್ನೂ ಬಾರದ್ದನ್ನೂ ಒಂದೇ ರೀತಿ ಪ್ರಕಟಿಸಿದ್ದರಿಂದ ಯಾವುದು ಅಗತ್ಯ, ಯಾವುದು ಹೆಚ್ಚುವರಿ ಎಂಬ ಚಿತ್ರ ಸ್ಪಷ್ಟವಾಗುತ್ತ ಬಂತು. ಮೈಗೆ ಮೈ ತಾಗಿರುವುದು, ಅದೂ ಚುಚ್ಚುವುದಕ್ಕೆ ಹತ್ತು ಹದಿನೈದು ನಿಮಿಷ ಮೊದಲೇ ಆರಂಭವಾಗಿರುವುದು ಮುಖ್ಯ ಅಂಶ. ಜಾನ್‌ಸ್ಟನ್ ಮುಂದಾಳಾಗಿ ನಡೆಸಿದ ಕಾಂಗರೂ ಆರೈಕೆಯ ಕಾಕ್ರೇನ್ ಸಮೀಕ್ಷೆ 2017ರಲ್ಲಿ 25 ಅಧ್ಯಯನಗಳ 2001 ಶಿಶುಗಳನ್ನು ಪರಿಶೀಲಿಸಿ, ಇದು ಪರಿಣಾಮಕಾರಿ, ಸುರಕ್ಷಿತ ಎಂಬ ನಿಲುವಿಗೆ ಬಂತು.

ಮೂರನೆಯ ಪ್ರಶ್ನೆ ಬಳಕೆಯದು. ಜಾನ್‌ಸ್ಟನ್ ಮತ್ತು ಸಂಗಡಿಗರು ಕೆನಡಾದ 14 ತೀವ್ರ ನಿಗಾ ಘಟಕಗಳಲ್ಲಿ ಒಂದು ವಾರ ನಡೆದ ನೋವಿನ ಕ್ರಿಯೆಗಳನ್ನು ಎಣಿಸಿ 1997ರಲ್ಲಿ ವರದಿ ಮಾಡಿದಾಗ, ಚಿಕ್ಕ ಚುಚ್ಚುಗಳಿಗೆ ನೋವು ನಿವಾರಣೆ ಸಿಗುತ್ತಿದ್ದದ್ದು ತೀರ ಅಪರೂಪವೆಂದು ಕಂಡಿತ್ತು. ಅದೇ ಬಗೆಯ ಸಮೀಕ್ಷೆಯನ್ನು ಹನ್ನೆರಡು ವರ್ಷಗಳ ಅಂತರದಲ್ಲಿ ಮತ್ತೆ ನಡೆಸಿ 2011ರಲ್ಲಿ ಪ್ರಕಟಿಸಿದರು. ಈ ಬಾರಿ ಸುಮಾರು ಅರ್ಧದಷ್ಟು ಕ್ರಿಯೆಗಳಲ್ಲಿ ಏನಾದರೊಂದು ಉಪಶಮನ ಇತ್ತು. ಸುಧಾರಣೆ ನಿಜ, ಆದರೆ ಉಳಿದರ್ಧ ಹಾಗೇ ಇತ್ತು. ಅದೇ ವರ್ಷ ಪ್ರಕಟವಾದ ಅಧ್ಯಯನದಲ್ಲಿ ಸ್ಟೀವನ್ಸ್ ನೇತೃತ್ವದ ತಂಡ ಎಂಟು ಆಸ್ಪತ್ರೆಗಳ 3822 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿತ್ತು. ನೋವಿನ ಕ್ರಿಯೆಗೆ ಒಳಗಾದವರಲ್ಲಿ ಆ ಕ್ರಿಯೆಗೆಂದೇ ನೋವು ನಿವಾರಣೆ ಪಡೆದದ್ದು ದಾಖಲಾದವರು ಶೇಕಡ 28.3 ಮಾತ್ರ.

ಪುರಾವೆ ಇದ್ದೂ ಬಳಕೆ ಹಿಂದುಳಿಯಲು ಕಾರಣಗಳು ದಿನನಿತ್ಯದವು. ರಕ್ತ ತೆಗೆಯುವ ಹೊತ್ತಿಗೆ ತಾಯಿ ವಾರ್ಡಿನಲ್ಲಿ ಇರುವುದಿಲ್ಲ. ತಾಯಿಯ ಎದೆಯ ಮೇಲಿರುವ ಮಗುವಿನ ಪಾದ ಸಿಗಬೇಕಾದರೆ ನರ್ಸ್ ಬಗ್ಗಿ, ಅಡ್ಡ ಕೋನದಲ್ಲಿ ಕೆಲಸ ಮಾಡಬೇಕು. ಸಕ್ಕರೆ ದ್ರಾವಣಕ್ಕೆ ವೈದ್ಯರ ಬರಹದ ಆದೇಶ ಬೇಕಿದ್ದರೆ ತುರ್ತಿನಲ್ಲಿ ಅದು ಬಿಟ್ಟುಹೋಗುತ್ತದೆ. ಇವನ್ನು ಒಬ್ಬೊಬ್ಬ ನರ್ಸಿಗೆ ಬುದ್ಧಿ ಹೇಳಿ ಸರಿಪಡಿಸಲಾಗದು. ಘಟಕವೇ ತನ್ನ ದಾಖಲೆ ನೋಡಿ, ಒಂದು ಗುರಿ ಇಟ್ಟುಕೊಂಡು, ಕೆಲವು ವಾರ ಬದಲಾವಣೆ ಮಾಡಿ, ಮತ್ತೆ ಎಣಿಸಿ ನೋಡುವ ವಿಧಾನಗಳನ್ನು ಸ್ಟೀವನ್ಸ್ ತಂಡ ಕೆನಡಾದ ಮಕ್ಕಳ ಆಸ್ಪತ್ರೆಗಳಲ್ಲಿ ಪ್ರಯೋಗಿಸಿತು.

ಜಾನ್‌ಸ್ಟನ್ ಕೆಲಸ ಶಿಷ್ಯರ ಮೂಲಕವೂ ಮುಂದುವರಿದಿದೆ. ಮ್ಯಾಕ್‌ಗಿಲ್‌ನಲ್ಲಿ ಅವರ ಬಳಿ ಡಾಕ್ಟರೇಟ್ ಮಾಡಿದ ಮಾರ್ಷಾ ಕ್ಯಾಂಪ್‌ಬೆಲ್-ಯೋ ನವಜಾತ ಶಿಶುಗಳ ನರ್ಸ್. ಹ್ಯಾಲಿಫ್ಯಾಕ್ಸ್‌ನ ಡಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ತಮ್ಮದೇ ಸಂಶೋಧನಾ ತಂಡ ಕಟ್ಟಿದವರು. ಕಾಂಗರೂ ಆರೈಕೆಯ ಗುಣ ಮೊದಲ ಒಂದೆರಡು ಚುಚ್ಚಿಗಷ್ಟೇ ಸೀಮಿತವೇ, ಆಸ್ಪತ್ರೆಯ ವಾಸದುದ್ದಕ್ಕೂ ಉಳಿಯುತ್ತದೆಯೇ ಎಂಬುದನ್ನು ಅವರು 242 ಅಕಾಲಿಕ ಶಿಶುಗಳಲ್ಲಿ ಪರೀಕ್ಷಿಸಿದರು. ಅದು ಉಳಿಯುತ್ತದೆ, ಸಕ್ಕರೆ ದ್ರಾವಣಕ್ಕೆ ಸಮನಾಗಿಯೇ ಕೆಲಸ ಮಾಡುತ್ತದೆ ಎಂದು 2019ರಲ್ಲಿ ಪ್ರಕಟವಾಯಿತು. ತಂದೆತಾಯಿಗಳಿಗೆಂದು ವಿಡಿಯೊ ತಯಾರಿಸಿ, ಚುಚ್ಚುವ ಹೊತ್ತಿಗೆ ತಾವು ಜೊತೆಗಿರುತ್ತೇವೆಂದು ಅವರೇ ಕೇಳುವಂತೆ ಮಾಡುವ ಪ್ರಯತ್ನವೂ ಆ ತಂಡದಿಂದ ನಡೆದಿದೆ.

ಈ ಸಂಶೋಧನೆಯ ಫಲ ಆರೋಗ್ಯವಂತ ಶಿಶುಗಳಿಗೂ ತಲುಪಿದೆ. ಪಿಪ್ ರೂಪಿಸಿದವರಲ್ಲಿ ಒಬ್ಬರಾದ ಟ್ಯಾಡಿಯೊ ಲಸಿಕೆಯ ನೋವಿನ ಬಗ್ಗೆ ದೀರ್ಘಕಾಲ ಕೆಲಸ ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಲಸಿಕೆಯ ನೋವು ತಗ್ಗಿಸುವ ಕುರಿತು ಹೊರಡಿಸಿದ ನಿಲುವಿನಲ್ಲಿ ಮಗುವನ್ನು ಮನೆಯವರು ಎತ್ತಿಕೊಂಡಿರಬೇಕು, ಸಾಧ್ಯವಿದ್ದರೆ ಚುಚ್ಚುವಾಗ ಅಥವಾ ಸ್ವಲ್ಪ ಮೊದಲು ಎದೆಹಾಲು ಕುಡಿಸಬೇಕು, ಒಂದಕ್ಕಿಂತ ಹೆಚ್ಚು ಲಸಿಕೆ ಇದ್ದರೆ ಹೆಚ್ಚು ನೋಯುವುದನ್ನು ಕೊನೆಗೆ ಹಾಕಬೇಕು ಎಂಬ ಸಲಹೆಗಳಿವೆ. ಯಾವ ಖರ್ಚೂ ಇಲ್ಲದ ಈ ಮಾತುಗಳು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಲಸಿಕೆ ದಿನಕ್ಕೂ ಅನ್ವಯಿಸುತ್ತವೆ. ಕಾಂಗರೂ ಆರೈಕೆಯೂ ಕರ್ನಾಟಕಕ್ಕೆ ಹೊಸದಲ್ಲ. ಅದನ್ನು ಸರ್ಕಾರಿ ವ್ಯವಸ್ಥೆಯಲ್ಲಿ ವ್ಯಾಪಕಗೊಳಿಸುವ ಬಗ್ಗೆ ಇಥಿಯೋಪಿಯ ಮತ್ತು ಭಾರತದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹರಿಯಾಣ, ಉತ್ತರ ಪ್ರದೇಶಗಳ ಜೊತೆಗೆ ಕರ್ನಾಟಕದ ಕೊಪ್ಪಳ ಜಿಲ್ಲೆಯೂ ಇತ್ತು. ಅದರ ಗುರಿ ಕಡಿಮೆ ತೂಕದ ಶಿಶುಗಳ ಆರೈಕೆಯೇ ಹೊರತು ನೋವು ನಿವಾರಣೆ ಆಗಿರಲಿಲ್ಲ. ಆದರೂ ಮಗು ತಾಯಿಯ ಎದೆಯ ಮೇಲಿರುವ ವಾರ್ಡಿನಲ್ಲಿ, ರಕ್ತ ತೆಗೆಯುವ ಕೆಲಸವನ್ನು ಆ ಹೊತ್ತಿಗೆ ಹೊಂದಿಸಿಕೊಳ್ಳುವುದು ಒಂದೇ ಹೆಜ್ಜೆ ಮುಂದಿನ ಮಾತು.

ಈ ಎಲ್ಲ ಉಪಾಯಗಳಿಗೂ ಮಿತಿಯಿದೆ. ಸಕ್ಕರೆಯಾಗಲಿ ತಾಯಿಯ ಸ್ಪರ್ಶವಾಗಲಿ ನೋವನ್ನು ಪೂರ್ತಿ ಅಳಿಸುವುದಿಲ್ಲ, ಪಿಪ್ ಲೆಕ್ಕದಲ್ಲಿ ಕೆಲವು ಅಂಕ ಇಳಿಸುತ್ತವೆ. ಶಸ್ತ್ರಚಿಕಿತ್ಸೆಗೆ ಅರಿವಳಿಕೆ, ಅದರ ನಂತರದ ನೋವಿಗೆ ಔಷಧ ಬೇಕೇ ಬೇಕು. ಮುಖ, ಬಡಿತಗಳ ಅಳತೆ ಮಗುವಿನ ಅನುಭವದ ಸುಳಿವು ಮಾತ್ರ ಎಂಬುದನ್ನು ಮಿದುಳಿನ ಅಧ್ಯಯನಗಳು ನೆನಪಿಸುತ್ತಿವೆ. ಎಲ್ಲಕ್ಕಿಂತ ಖಚಿತವಾದ ಪರಿಹಾರ ಅನಗತ್ಯ ಚುಚ್ಚುಗಳನ್ನು ಕಡಿಮೆ ಮಾಡುವುದು: ಎರಡು ಪರೀಕ್ಷೆಯ ರಕ್ತವನ್ನು ಒಮ್ಮೆಗೇ ತೆಗೆಯುವುದು, ಚರ್ಮದ ಮೇಲಿಟ್ಟು ಅಳೆಯುವ ಉಪಕರಣ ಇದ್ದಲ್ಲಿ ಅದನ್ನು ಬಳಸುವುದು. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ತನ್ನ ವ್ಯಾಖ್ಯಾನವನ್ನು ಪರಿಷ್ಕರಿಸಿದಾಗ, ಮಾತಿನಲ್ಲಿ ಹೇಳುವುದು ನೋವನ್ನು ವ್ಯಕ್ತಪಡಿಸುವ ಹಲವು ಬಗೆಗಳಲ್ಲಿ ಒಂದು ಮಾತ್ರ, ಹೇಳಲಾಗದಿದ್ದ ಮಾತ್ರಕ್ಕೆ ನೋವಿಲ್ಲವೆಂದು ಅರ್ಥವಲ್ಲ ಎಂದು ಟಿಪ್ಪಣಿಯಲ್ಲಿ ಸೇರಿಸಿತು. 1986ರ ಆ 14 ಶಿಶುಗಳ ಅಧ್ಯಯನದಿಂದ ಮೂರು ದಶಕಗಳ ಕಾಲ ನರ್ಸ್‌ಗಳು, ಮನೋವಿಜ್ಞಾನಿಗಳು, ವೈದ್ಯರು ಕೂಡಿಸಿದ ಪುರಾವೆ ಆ ಟಿಪ್ಪಣಿಯ ಹಿಂದಿದೆ.